ಸಂತನ ಹೆಸರಿನಲ್ಲಿ ನಾಲ್ಕು ಸಾಲು

ಡಿಸೆಂಬರ್ ತಿಂಗಳ ಮೊದಲ ವಾರ. ಹದಿಮೂರು ವರ್ಷದ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆಯಿಂದ ಏನೋ ಬರೆಯುತ್ತಿದ್ದಾನೆ, ಬರೆದದ್ದನ್ನು ಹೊಡೆದುಹಾಕುತ್ತಿದ್ದಾನೆ. ಅದು ಹೋಂವರ್ಕ್ ಅಲ್ಲ. ಅವನು ಪ್ರಾಸ ಹುಡುಕುತ್ತಿದ್ದಾನೆ. ಅಪ್ಪನ ಮೇಲೆ ಪದ್ಯ ಬರೆಯಬೇಕು, ಅದೂ ಅಪ್ಪನ ತಪ್ಪೊಂದನ್ನು ಎತ್ತಿ ಆಡುವ ಪದ್ಯ. ಸೋಜಿಗವೆಂದರೆ, ಹಾಗೆ ಬರೆಯಲು ಕಲಿಸಿದವಳು ಅಪ್ಪನನ್ನು ಹೆತ್ತ ತಾಯಿಯೇ.

ಇದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಡಚ್ ಮೂಲದ ಮನೆ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ನೆದರ್‌ಲೆಂಡ್ಸಿನಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಕೆನಡಾಕ್ಕೆ ವಲಸೆ ಹೋದರು. ಅವರಲ್ಲಿ ಅನೇಕರು ಹಡಗಿನಿಂದ ಇಳಿದದ್ದು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ಅಂಥ ಸಂಸಾರಗಳು ಅಲ್ಲಿ ಬಹಳ. ಒಂದು ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಮಿಕ್ಕವನ್ನೂ ಊಹಿಸಬಹುದು.

ಈ ಮನೆಯ ಅಜ್ಜಿಯನ್ನು ಮೊಮ್ಮಕ್ಕಳು ಡಚ್ಚರಂತೆ ‘ಓಮಾ’ ಎನ್ನುತ್ತಾರೆ. ಆಕೆ 1952ರಲ್ಲಿ ಹಡಗು ಹತ್ತಿದಾಗ ಹನ್ನೆರಡು ವರ್ಷ. ಅದಕ್ಕೂ ಮೊದಲಿನ ಒಂದು ನೆನಪು ಆಕೆಗೆ ಅಚ್ಚಳಿಯದೆ ಉಳಿದಿದೆ: 1944-45ರ ಚಳಿಗಾಲ. ಜರ್ಮನರ ವಶದಲ್ಲಿದ್ದ ಪಶ್ಚಿಮ ನೆದರ್‌ಲೆಂಡ್ಸಿನಲ್ಲಿ ಅನ್ನಾಹಾರಗಳಿಲ್ಲದೆ ಜನ ಟುಲಿಪ್ ಗೆಡ್ಡೆ, ಸಕ್ಕರೆ ಬೀಟ್‌ರೂಟು ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಹಾಗಾಗಿ ಹಬ್ಬದ ಸಿಹಿಯ ವಿಷಯದಲ್ಲಿ ಓಮಾ ಯಾರ ಮಾತನ್ನೂ ಕೇಳುವುದಿಲ್ಲ. ಬಾದಾಮಿ ಹೂರಣ ತುಂಬಿ, ಮನೆತನದ ಹೆಸರಿನ ಮೊದಲ ಅಕ್ಷರದ ಆಕಾರಕ್ಕೆ ಬಗ್ಗಿಸಿ ಬೇಯಿಸುವ ‘ಬಾಂಕೆಟ್’ ಆಗಲೇಬೇಕು. ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಹಾಕಿದ ‘ಸ್ಪೆಕ್ಯುಲಾಸ್’ ಬಿಸ್ಕತ್ತೂ ಆಗಬೇಕು. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿ ದಾಲ್ಚಿನ್ನಿಯನ್ನು ಲಂಕೆಯಿಂದ, ಲವಂಗ-ಜಾಯಿಕಾಯಿಯನ್ನು ಇಂಡೊನೇಷ್ಯದ ದ್ವೀಪಗಳಿಂದ, ಮೆಣಸನ್ನು ನಮ್ಮ ಮಲಬಾರಿನಿಂದ ತುಂಬಿಕೊಂಡು ಹೋಗುತ್ತಿತ್ತು. ಆ ವ್ಯಾಪಾರದ ಹಿಂದಿನ ಕ್ರೌರ್ಯದ ಕತೆ ಬೇರೆಯೇ ಇದೆ. ಬಿಸ್ಕತ್ತಿನ ವಾಸನೆ ಅದನ್ನು ಹೇಳುವುದಿಲ್ಲ.

ಹಬ್ಬದ ಒಡೆಯ ಸಿಂಟರ್‌ಕ್ಲಾಸ್, ಅಂದರೆ ಸಂತ ನಿಕೊಲಾಸ್. ನಾಲ್ಕನೆಯ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬಲ್ಲಿ ಬಿಷಪ್ ಆಗಿದ್ದವನು, ಮಕ್ಕಳ ಮತ್ತು ನಾವಿಕರ ಪೋಷಕ. ನಮಗೆ ಪರಿಚಿತನಾದ ಸಾಂಟಾಕ್ಲಾಸ್‌ಗೆ ಹೆಸರು ಬಂದದ್ದು ಇವನಿಂದಲೇ, ಆದರೆ ಇವನಿಗೆ ಹಿಮಸಾರಂಗವಿಲ್ಲ, ಬಿಳಿಯ ಕುದುರೆ. ನವೆಂಬರ್ ಮಧ್ಯದಲ್ಲಿ ಸ್ಪೇನ್‌ನಿಂದ ಉಗಿಹಡಗಿನಲ್ಲಿ ಬರುತ್ತಾನೆಂದು ಮಕ್ಕಳ ನಂಬಿಕೆ. ರಾತ್ರಿ ಬೂಟಿನಲ್ಲಿ ಕುದುರೆಗೆಂದು ಕ್ಯಾರೆಟ್ ಇಟ್ಟು ಮಲಗಿದರೆ ಬೆಳಿಗ್ಗೆ ಅಲ್ಲಿ ಮಿಠಾಯಿ. ದೊಡ್ಡ ಉಡುಗೊರೆಗಳು ಡಿಸೆಂಬರ್ 5ರ ಸಂಜೆಗೆ. ಕ್ರಿಸ್‌ಮಸ್ ಆಮೇಲೆ, ಪ್ರಾರ್ಥನೆಗೂ ಊಟಕ್ಕೂ.

ಇಷ್ಟೆಲ್ಲ ಉಳಿಸಿಕೊಂಡ ಮನೆಯಲ್ಲಿ ಭಾಷೆ ಮಾತ್ರ ಉಳಿಯಲಿಲ್ಲ. ಮಕ್ಕಳ ಇಂಗ್ಲಿಷ್ ಕೇಳಿ ಯಾರೂ ನಗಬಾರದೆಂದು ಓಮಾಳ ತಂದೆತಾಯಿ ಹಟ ಹಿಡಿದರು, ಓಮಾ ತನ್ನ ಮಗನಿಗೆ ಡಚ್ ಕಲಿಸಲಿಲ್ಲ. ಮೊಮ್ಮಕ್ಕಳಿಗೆ ಬರುವುದು ತಿಂಡಿಗಳ ಹೆಸರು, ಒಂದೆರಡು ಬೈಗುಳ, ಅಷ್ಟೆ.

ಇನ್ನೊಂದನ್ನು ಅವರು ತಾವಾಗಿ ಬಿಟ್ಟರು. ಸಂತನ ಜತೆ ‘ಜ್ವಾರ್ಟೆ ಪೀಟ್’, ಎಂದರೆ ಕಪ್ಪು ಪೀಟ್ ಎಂಬ ಸೇವಕನಿರುತ್ತಿದ್ದ. ಬಿಳಿಯರು ಮುಖಕ್ಕೆ ಮಸಿ, ತುಟಿಗೆ ಕೆಂಪು ಬಳಿದುಕೊಂಡು ಆ ವೇಷ ಹಾಕುತ್ತಿದ್ದರು. ಸೇವಕನನ್ನೂ ಉಗಿಹಡಗನ್ನೂ ಜನಪ್ರಿಯಗೊಳಿಸಿದ್ದು 1850ರಲ್ಲಿ ಬಂದ ಒಂದು ಮಕ್ಕಳ ಪುಸ್ತಕ. ಬರೆದವನು ಆಮ್‌ಸ್ಟರ್‌ಡ್ಯಾಮಿನ ಶಾಲಾ ಮಾಸ್ತರ ಯಾನ್ ಸ್ಕೆಂಕ್‌ಮನ್. ಡಚ್ ವಸಾಹತಾದ ಸುರಿನಾಮಿನಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ ಎಂಬುದನ್ನು ನೆನೆದರೆ, ಆ ವೇಷ ನೋಡಿ ಕರಿಯರ ಮಕ್ಕಳಿಗೆ ಏನನ್ನಿಸುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 2010ರ ದಶಕದಲ್ಲಿ ನೆದರ್‌ಲೆಂಡ್ಸಿನಲ್ಲೇ ಪ್ರತಿಭಟನೆ ಬಲವಾಯಿತು. ಈಗ ಅಲ್ಲಿನ ಅನೇಕ ಊರುಗಳಲ್ಲಿ ಪೀಟ್‌ನ ಕೆನ್ನೆಗೆ ಚಿಮಣಿಯ ಮಸಿಯ ಗೀರು ಮಾತ್ರ.

ಈ ಮನೆಯಲ್ಲಿ ಪ್ರಶ್ನೆ ಎತ್ತಿದವಳು ಮೊಮ್ಮಗಳು. ಓಮಾಳ ಪೆಟ್ಟಿಗೆಯಲ್ಲಿದ್ದ ಪೀಟ್ ಗೊಂಬೆಯನ್ನು ನೋಡಿ, “ನನ್ನ ಗೆಳತಿ ಊಟಕ್ಕೆ ಬರ್ತಾಳೆ, ಇದನ್ನು ಅವಳೆದುರು ಇಡೋಕಾಗುತ್ತಾ ಓಮಾ?” ಎಂದಳು. ಮುದುಕಿಗೆ ನೋವಾಯಿತು. “ನಾವು ಕೆಟ್ಟದ್ದು ಎಂದುಕೊಂಡು ಮಾಡಲಿಲ್ಲ” ಎಂದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಗೊಂಬೆ ಪೆಟ್ಟಿಗೆಯ ತಳ ಸೇರಿತ್ತು. ಸಂತನೇನೂ ಅದರಿಂದ ಬಡವಾಗಲಿಲ್ಲ.

ಬಿಡದೆ ಉಳಿದದ್ದು ಪದ್ಯ. ಕೆಲವು ವಾರ ಮೊದಲೇ ಎಲ್ಲರ ಹೆಸರಿನ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಒಂದು ಉಡುಗೊರೆ, ಅದನ್ನು ಬಚ್ಚಿಡಲು ಒಂದು ತಮಾಷೆಯ ಪೊಟ್ಟಣ, ಜತೆಗೊಂದು ಪ್ರಾಸಬದ್ಧ ಪದ್ಯ. ಅದರಲ್ಲಿ ಅವರ ಒಂದು ದುರಭ್ಯಾಸ ಬರಬೇಕು. ರುಜು ‘ಸಿಂಟ್’, ಅಂದರೆ ಸಂತನದು. ಪಡೆದವರು ಪೊಟ್ಟಣ ಬಿಚ್ಚುವ ಮೊದಲು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಸಿಟ್ಟಾಗುವಂತಿಲ್ಲ, ಹೇಳಿದವನು ಸಂತ, ಮಗನಲ್ಲ. ಡಚ್ ಹೋಗಿ ಇಂಗ್ಲಿಷ್ ಬಂದರೂ ಪದ್ಯ ನಿಲ್ಲಲಿಲ್ಲ.

ಹುಡುಗನಿಗೆ ಈ ಸಲ ಅಪ್ಪನ ಚೀಟಿ ಬಂದಿತ್ತು. ಅವನ ದೂರು ಸಣ್ಣದಲ್ಲ. ಐಸ್ ಹಾಕಿ ಪಂದ್ಯಗಳಿಗೆ ಬರುತ್ತೇನೆಂದು ಅಪ್ಪ ಮೂರು ಸಲ ಮಾತು ಕೊಟ್ಟು, ಬಂದದ್ದು ಒಮ್ಮೆ. ಅಂದೂ ಮೊಬೈಲಿನಲ್ಲೇ ಮುಳುಗಿದ್ದ. ಇದನ್ನು ನೇರ ಹೇಳಿದರೆ ಜಗಳ, ಹೇಳದಿದ್ದರೆ ಹೊಟ್ಟೆಯೊಳಗೆ ಉರಿ. ಮೊದಲ ಪ್ರತಿಯಲ್ಲಿ ಬರೀ ಕೋಪವಿತ್ತು. ಓಮಾ ಓದಿ ಹಿಂದಕ್ಕೆ ಕೊಟ್ಟಳು: “ಇದನ್ನು ಸಂತ ಬರೆದಿಲ್ಲ, ನೀನು ಬರೆದಿದ್ದೀಯ.” ನಾಲ್ಕನೆಯ ಪ್ರತಿಯ ಹೊತ್ತಿಗೆ, ಸಂತ ಅಪ್ಪನನ್ನು ಪಂದ್ಯಕ್ಕೆ ಕರೆತರಲು ಕುದುರೆ ಕಳಿಸುತ್ತಾನೆ, ಕುದುರೆ ಬಂದು ಮುಂದಿನ ಸಾಲಿನಲ್ಲಿ ಕೂತು ಪಂದ್ಯ ನೋಡುತ್ತದೆ, ಅಪ್ಪನ ಜಾಗ ಮಾತ್ರ ಖಾಲಿ.

5ರ ಸಂಜೆ ಅಪ್ಪನ ಕೈಗೆ ರಟ್ಟಿನ ದೊಡ್ಡ ಮೊಬೈಲ್ ಬಂತು. ಒಳಗೆ, ಹಾಕಿ ಅಂಗಣದ ಚಳಿಗೆ ಒಂದು ಜತೆ ಉಣ್ಣೆಯ ಕೈಗವಸು. ಅಪ್ಪ ಪದ್ಯ ಓದತೊಡಗಿದ. ಕುದುರೆ ಬಂದಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ. ಖಾಲಿ ಜಾಗದ ಸಾಲಿಗೆ ಬಂದಾಗ ಒಂದು ಕ್ಷಣ ದನಿ ನಿಂತಿತು. ಮುಗಿಸಿ, ಪದ್ಧತಿಯಂತೆ ಚಿಮಣಿಯ ಕಡೆ ತಿರುಗಿ “ಥ್ಯಾಂಕ್ಸ್, ಸಂತರೇ” ಎಂದ. ಆಮೇಲೆ, ಅಲ್ಲೇ ನೋಡುತ್ತ, “ಶನಿವಾರದ ಪಂದ್ಯ ಎಷ್ಟು ಗಂಟೆಗೆ?” ಎಂದು ಕೇಳಿದ.

ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಾಯಿ ತುಂಬ ಬಾಂಕೆಟ್ ಇತ್ತು. “ನನಗೇನು ಗೊತ್ತು, ಸಂತರನ್ನೇ ಕೇಳಿ” ಎಂದವನು, ಸ್ವಲ್ಪ ತಡೆದು, “ಹತ್ತೂವರೆಗೆ” ಎಂದ.