ಕಾಲ ಕಳೆದರೆ ಕಳವು ಕಳೆಯುವುದೇ?

ಉತ್ತರ ಇಟಲಿಯ ಬೆಲ್ಲೂನೊ ಕಥೋಲಿಕರಿಗೆ ಅಪರಿಚಿತ ಹೆಸರಲ್ಲ. 1978ರಲ್ಲಿ ಕೇವಲ 33 ದಿನ ಜಗದ್ಗುರುಗಳಾಗಿದ್ದು, 2022ರಲ್ಲಿ ಪುನೀತರೆಂದು ಘೋಷಿತರಾದ ಒಂದನೆಯ ಜಾನ್ ಪೌಲ್ ಜನಿಸಿದ್ದು ಆ ಪ್ರಾಂತದಲ್ಲಿ. ಗುರುಮಠದಲ್ಲಿ ಬೋಧಿಸಿದ್ದು ಆ ಪಟ್ಟಣದಲ್ಲಿ. ಅಲ್ಲಿನ ಪೌರ ವಸ್ತುಸಂಗ್ರಹಾಲಯದಿಂದ 1973ರಲ್ಲಿ ಕಳವಾಗಿದ್ದ ಮಾತೆ ಮರಿಯ ಹಾಗೂ ಬಾಲಯೇಸುವಿನ ಚಿತ್ರವು ಐವತ್ತೆರಡು ವರ್ಷಗಳ ಬಳಿಕ, 2025ರಲ್ಲಿ, ಮೂಲ ಒಡೆಯರಿಗೆ ದಕ್ಕಿತು. ಸಂತೋಷದ ಈ ಸುದ್ದಿಯ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ.

ಪುನರುಜ್ಜೀವನ ಯುಗದ ಕಲಾವಿದ ಆಂತೋನಿಯೊ ಸೊಲಾರಿಯೊನ ಈ ಕೃತಿಯನ್ನು ಸಂಗ್ರಹಾಲಯವು 1872ರಲ್ಲಿ ಪಡೆದಿತ್ತು. ಇದರೊಡನೆ ಕಳವಾದ ಕೆಲವು ಚಿತ್ರಗಳು ಆಸ್ಟ್ರಿಯಾದಲ್ಲಿ ಬೇಗನೆ ಸಿಕ್ಕಿದವು. ಇದು ಮಾತ್ರ ಅದೇ ವರ್ಷ ಮಾರಾಟವಾಗಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಮನೆಯೊಂದನ್ನು ಸೇರಿತು. ಕೊಂಡವರು ಅದನ್ನು ಕಳವಿನ ಮಾಲೆಂದು ಅರಿಯದೆ, ಪ್ರಾಮಾಣಿಕವಾಗಿಯೇ ಕೊಂಡಿದ್ದರು. 2017ರಲ್ಲಿ ಅದನ್ನು ಹರಾಜಿಗೆ ಇಡಲು ಹೊರಟಾಗ ಬೆಲ್ಲೂನೊ ಸಂಗ್ರಹಾಲಯದ ನಂಟುಳ್ಳವರೊಬ್ಬರು ಗುರುತು ಹಿಡಿದರು.

ಆದರೆ ಬ್ರಿಟನ್ನಿನ 1980ರ ಕಾಲಮಿತಿ ಕಾಯಿದೆಯು ಅಡ್ಡ ನಿಂತಿತು. ಕಳವಾದ ವಸ್ತುವನ್ನು ಅರಿಯದೆ ಪ್ರಾಮಾಣಿಕವಾಗಿ ಕೊಂಡು ಆರು ವರ್ಷ ಕಳೆದರೆ ಮೂಲ ಒಡೆಯನ ಹಕ್ಕು ಅಳಿದುಹೋಗುತ್ತದೆಂಬುದು ಅದರ ಸಾರ. ಕೋವಿಡ್ ದಿನಗಳಲ್ಲಿ ಇಟಲಿಯಿಂದ ಅಗತ್ಯ ದಾಖಲೆಗಳು ಬಾರದಿದ್ದುದರಿಂದ, 2020ರಲ್ಲಿ ಪೊಲೀಸರು ಚಿತ್ರವನ್ನು ಮನೆಯೊಡತಿಗೇ ಮರಳಿಸಿದರು. ಆದರೂ ಇಟಲಿಯ ಕರಾಬಿನಿಯೇರಿ ಪೊಲೀಸರ ಹಾಗೂ ಇಂಟರ್‌ಪೋಲ್‌ನ ಕಳವು ಪಟ್ಟಿಗಳಲ್ಲಿ ಅದರ ಹೆಸರಿತ್ತು. ಇಂಥ ಚಿತ್ರವನ್ನು ಮರ್ಯಾದಸ್ಥ ಹರಾಜು ಸಂಸ್ಥೆ ಯಾವುದೂ ಮುಟ್ಟದು. ಕೊನೆಗೆ ನ್ಯಾಯವಾದಿಯೊಬ್ಬರು ನಡೆಸಿದ ಸಂಧಾನದ ಫಲವಾಗಿ ಆಕೆ ಅದನ್ನು ಬಿಟ್ಟುಕೊಟ್ಟರು.

ಕಾಲಮಿತಿ ಕಾಯಿದೆಯೂ ಕಾರಣವಿಲ್ಲದೆ ಹುಟ್ಟಿದ್ದಲ್ಲ. ತಲೆಮಾರುಗಳ ಹಿಂದಿನ ವ್ಯಾಜ್ಯಗಳು ಕೊನೆಯಿಲ್ಲದೆ ಬೆಳೆಯಬಾರದೆಂಬುದು ಅದರ ಉದ್ದೇಶ. ಆದರೆ ಕಾನೂನು ಶಿಕ್ಷಿಸದೆ ಬಿಟ್ಟುದೆಲ್ಲವೂ ನ್ಯಾಯವಾಗದು. ಏಳನೆಯ ಆಜ್ಞೆಯನ್ನು ವಿವರಿಸುವ ಧರ್ಮಸಭೆಯ ಬೋಧನೆಯು, ಪಶ್ಚಾತ್ತಾಪವೊಂದೇ ಸಾಲದು, ಕದ್ದುದನ್ನು ಒಡೆಯನಿಗೆ ಹಿಂದಿರುಗಿಸಬೇಕೆಂದು ಸ್ಪಷ್ಟಪಡಿಸುತ್ತದೆ. ತಾನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡಲು ಮುಂದಾದ ಜಕ್ಕಾಯನೇ ಇದಕ್ಕೆ ಮಾದರಿ.

ಇಲ್ಲಿ ಮನೆಯೊಡತಿ ಕಳ್ಳಳಲ್ಲ ಎಂಬುದನ್ನು ಮರೆಯಬಾರದು. ಹಣ ಕೊಟ್ಟು ಕೊಂಡ ವಸ್ತುವನ್ನು ಬರಿಗೈಯಲ್ಲಿ ಬಿಡುವ ನೋವೂ ನಿಜವೇ. 1995ರ ಯೂನಿಡ್ರಾ ಒಡಂಬಡಿಕೆಯು ಈ ಇಕ್ಕಟ್ಟಿಗೆ ಮಧ್ಯಮ ಮಾರ್ಗವೊಂದನ್ನು ತೋರಿದೆ: ವಸ್ತುವನ್ನು ಮರಳಿಸಲೇಬೇಕು, ಕೊಳ್ಳುವಾಗ ತಕ್ಕ ಎಚ್ಚರ ವಹಿಸಿದವರಿಗೆ ನ್ಯಾಯಯುತ ಪರಿಹಾರ ದೊರೆಯಬೇಕು. ಇಟಲಿ ಇದನ್ನು ಅಂಗೀಕರಿಸಿದೆ, ಬ್ರಿಟನ್ ಅಂಗೀಕರಿಸಿಲ್ಲ. ಧರ್ಮ ಮತ್ತು ಕಾನೂನು ಪರಸ್ಪರ ಹತ್ತಿರ ಬರಬೇಕಾದರೆ ಇಂಥ ಮಾರ್ಗವೇ ಲೇಸು.

ನಮ್ಮ ಧರ್ಮಕೇಂದ್ರಗಳಿಗೂ ಈ ಪ್ರಕರಣದಲ್ಲಿ ಪಾಠವಿದೆ. ಬೆಲ್ಲೂನೊ ಗೆದ್ದದ್ದು ನ್ಯಾಯಾಲಯದ ತೀರ್ಪಿನಿಂದಲ್ಲ, ಪಟ್ಟಿಯಲ್ಲಿ ಉಳಿದಿದ್ದ ದಾಖಲೆಯಿಂದ. ಧರ್ಮಸಭೆಯ ಕಾನೂನು ಸಂಹಿತೆಯ 1283ನೆಯ ವಿಧಿಯೂ ಚರ್ಚಿನ ಅಮೂಲ್ಯ ವಸ್ತುಗಳ ನಿಖರವಾದ ಪಟ್ಟಿ ಸಿದ್ಧವಾಗಬೇಕು, ಅದರ ಒಂದು ಪ್ರತಿ ಆಡಳಿತ ಕಚೇರಿಯಲ್ಲಿ, ಇನ್ನೊಂದು ಧರ್ಮಪ್ರಾಂತದ ಕಾರ್ಯಾಲಯದಲ್ಲಿ ಇರಬೇಕೆಂದು ವಿಧಿಸುತ್ತದೆ. ನಮ್ಮ ಹಳೆಯ ಚರ್ಚುಗಳ ಮರದ ಪ್ರತಿಮೆ, ಬೆಳ್ಳಿಯ ಶಿಲುಬೆ, ಪೂಜಾಪಾತ್ರೆಗಳಿಗೆ ಅಂಥ ಪಟ್ಟಿಯುಂಟೇ? ಛಾಯಾಚಿತ್ರಗಳುಂಟೇ? ಕಳೆದುಕೊಂಡ ಮೇಲೆ ಕಣ್ಣೀರಿಡುವುದಕ್ಕಿಂತ ಈಗಲೇ ಬರೆದಿಡುವುದು ಜಾಣತನ. ಹಿರಿಯರು ಭಕ್ತಿಯಿಂದ ಅರ್ಪಿಸಿದ್ದನ್ನು ಕಾಯುವುದೂ ಭಕ್ತಿಯೇ.