ಅಗ್ಗದ ವಿದ್ಯುತ್ ಹತ್ಯಾರು: ಯಾವುದು ಬೇಕು, ಯಾವುದು ಬೇಡ?



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಯಾವ ಪೇಟೆಗೆ ಹೋದರೂ ಈಗ ಅಂಗಡಿಗಳಲ್ಲಿ ವಿದ್ಯುತ್ ಹತ್ಯಾರುಗಳು ಕಾಣುತ್ತವೆ. ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಡ್ರಿಲ್ ಬರುತ್ತದೆ; ಹೆಚ್ಚುಕಡಿಮೆ ಅಷ್ಟಕ್ಕೇ ಗ್ರೈಂಡರೂ ಬರುತ್ತದೆ. ಬಡಿಗರು ಕರೆದ ದಿನ ಸಿಗುವುದು ಕಷ್ಟವಾಗಿರುವಾಗ, ಬಾಗಿಲಿನ ಚಿಲಕ, ಗುದ್ದಲಿಯ ಕಾವು, ಅಡಿಕೆ ಒಣಗಿಸುವ ಅಟ್ಟ, ಮಕ್ಕಳು ಓದುವ ಮೇಜು ಇವನ್ನೆಲ್ಲ ತಾವೇ ಮಾಡಿಕೊಳ್ಳಲು ಸದಸ್ಯರು ಮನಸ್ಸು ಮಾಡುವುದು ಸಹಜ. ಅದು ಸ್ವಾಗತಾರ್ಹವೂ ಹೌದು. ಆದರೆ ಎಲ್ಲ ಅಗ್ಗದ ಹತ್ಯಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೆಟ್ಟರೆ ಸುಮ್ಮನೆ ನಿಂತುಹೋಗುವ ಹತ್ಯಾರು ಅಗ್ಗದ್ದಾದರೂ ನಡೆದೀತು. ಕೆಟ್ಟರೆ ಕೈ ಕತ್ತರಿಸುವ ಹತ್ಯಾರು ಅಗ್ಗದ್ದು ಖಂಡಿತ ಬೇಡ. ಇದು ನನ್ನ ಅಭಿಪ್ರಾಯ.

ಡ್ರಿಲ್ ಮೊದಲನೆಯ ಜಾತಿಯದು. ಪಿಸ್ತೂಲಿನಂತೆ ಹಿಡಿದು ಕುದುರೆ ಒತ್ತುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1917ರಲ್ಲಿ ಪೇಟೆಂಟ್ ಪಡೆಯಿತು. ಅದರ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ವರ್ಷಕ್ಕೆ ನಾಲ್ಕಾರು ಸಲ ತೂತು ಕೊರೆಯುವ ಮನೆಗೆ ಅಗ್ಗದ್ದು ಸಾಕು. ಸಿಲ್ವರ್ ಓಕ್ ಹಲಗೆಯಲ್ಲಿ ಅದು ಸಲೀಸಾಗಿ ನಡೆಯುತ್ತದೆ. ಜಾಲಿ, ಬಲಿತ ಅಡಿಕೆ ದಬ್ಬೆಗಳಲ್ಲಿ ಆಗಾಗ ನಿಲ್ಲಿಸಿ ಆರಲು ಬಿಡಬೇಕು. ವೋಲ್ಟೇಜ್ ಇಳಿದಾಗ ಒತ್ತಿ ಕೊರೆದರೆ ಮೋಟಾರಿನ ಜೊತೆಗೆ ಅದರೊಳಗಿನ ಫ್ಯಾನೂ ನಿಧಾನವಾಗಿ, ಗಾಳಿ ಸಾಲದೆ ಸುರುಳಿ ಸುಡುತ್ತದೆ. ಕೊಳ್ಳುವಾಗ ಕಾರ್ಬನ್ ಬ್ರಷ್ ನಮ್ಮ ಪೇಟೆಯಲ್ಲೇ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಬೇಕು.

ಗ್ರೈಂಡರಿನ ಮಾತು ಬೇರೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಕಬ್ಬಿಣ ಉಜ್ಜಲು, ಕತ್ತರಿಸಲು ಮಾಡಿದ್ದು. ಅದಕ್ಕೆ ಹಲ್ಲಿನ ಬ್ಲೇಡು ಹಾಕಿ, ಅಡ್ಡವಾಗುತ್ತದೆಂದು ರಕ್ಷಣಾ ಕವಚವನ್ನೂ ಕಳಚಿ, ಮರ ಕೊಯ್ಯುವವರಿದ್ದಾರೆ. ಹಲ್ಲು ಗಂಟಿಗೆ ಸಿಕ್ಕರೆ ಯಂತ್ರ ಕೊಯ್ಯುವವನ ಮೈಮೇಲೇ ಚಿಮ್ಮುತ್ತದೆ. ಹಲವು ಗ್ರೈಂಡರುಗಳ ಸ್ವಿಚ್ಚು ಕೈ ಬಿಟ್ಟರೂ ಆರುವುದಿಲ್ಲ. ಅಡಿಕೆ ಸುಲಿಯುವ ಕೈಯಲ್ಲಿ ಎರಡು ಬೆರಳು ಹೋದರೆ ಉಳಿಸಿದ ಸಾವಿರ ರೂಪಾಯಿಯಿಂದ ಏನು ಪ್ರಯೋಜನ? ನಾಲ್ಕು ಹಲಗೆ ಕೊಯ್ಯಲು ಕೈಗರಗಸ ಸಾಕು. ಉಳಿ, ಉಜ್ಜುಗೊರಡುಗಳಿಗೆ ಕರೆಂಟೂ ಬೇಡ.

ಹೆಚ್ಚು ಕೆಲಸ ಇರುವವರಿಗೆ ಕವಚ ತಾನಾಗಿ ಮುಚ್ಚಿಕೊಳ್ಳುವ, ಕುದುರೆ ಬಿಟ್ಟರೆ ಆರುವ ಉತ್ತಮ ಗರಗಸ ಯಂತ್ರವೇ ಬೇಕು. ಅದು ದುಬಾರಿ. ಪಕ್ಕದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದವರು, ಒಬ್ಬನಿಂದ ಆಗದ್ದು ಹತ್ತು ಜನರಿಂದ ಆದೀತೆಂದು ತೋರಿಸಿಕೊಟ್ಟರು. 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಿಂದ ಯಂತ್ರವನ್ನು ಬಾಡಿಗೆಗೆ ತರುವುದೂ ರೈತರಿಗೆ ರೂಢಿಯಾಗಿದೆ. ಸಂಘವೇ ಒಂದು ಒಳ್ಳೆಯ ಗರಗಸ, ಒಂದು ಪ್ಲೇನರ್ ಕೊಂಡು ಬಾಡಿಗೆಗೆ ಕೊಡಲಿ. ಒಯ್ಯುವವರಿಗೆ ಒಬ್ಬ ಅನುಭವಿ ಬಡಿಗರಿಂದ ಮೊದಲು ಪಾಠವಾಗಲಿ. ಬೇಕೆಂದಾಗ ಸಿಗುವುದಿಲ್ಲವೆಂದು ಆಕ್ಷೇಪ ಬಂದೀತು. ಬೋರ್ಡೋ ಸಿಂಪರಣೆಯ ಪಂಪು ಎಲ್ಲರಿಗೂ ಒಂದೇ ವಾರ ಬೇಕಾಗುತ್ತದೆ, ನಿಜ. ಮೇಜು ಮಾಡುವ ಕೆಲಸ ಮುಂದಿನ ವಾರದವರೆಗೆ ಕಾಯುತ್ತದೆ.

ಯಾವ ಹತ್ಯಾರೇ ಇರಲಿ, ಐಎಸ್‌ಐ ಗುರುತು ನೋಡಿರಿ. ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಜೋಡಿ ಇನ್ಸುಲೇಷನ್ ಇದೆಯೆಂದು ಅರ್ಥ. ಮನೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಟ್ರಿಪ್ ಸ್ವಿಚ್ ಹಾಕಿಸಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಬಾಡಿಗೆ ಹತ್ಯಾರಿನ ಈ ಸಲಹೆಯನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯರು ವಿಚಾರ ಮಾಡಿಕೊಂಡು ಬಂದು, ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಸಭೆಯಲ್ಲೇ ತಿಳಿಸಬೇಕೆಂದು ವಿನಂತಿ.

– ಕಾರ್ಯದರ್ಶಿ