ಕಾಣೆಯಾದ ಮಗು, ಕಳವಳಗೊಂಡ ಅಪರಿಚಿತರು

ಕಾಣೆಯಾದ ಮಗುವೊಂದರ ಭಾವಚಿತ್ರ ಮೊಬೈಲಿಗೆ ಬಂದೊಡನೆ ಸಾಂಕೋಲೆಯ ತಾಯಿ ಮೊದಲು ನೋಡುವುದು, ತನ್ನ ಮಗು ಅಂಗಳದಲ್ಲಿದೆಯೇ ಎಂಬುದನ್ನು. ಆ ಮಗುವಿನ ಹೆತ್ತವರು ಯಾರೆಂದು ಆಕೆ ಅರಿಯಳು. ಆದರೂ ಅಂದು ರಾತ್ರಿ ನಿದ್ದೆ ಸುಳಿಯದು. ದುಡಿಮೆಗಾಗಿ ಊರು ಬಿಟ್ಟು ಬಂದು, ಅಜ್ಜ-ಅಜ್ಜಿಯರ ಕಾವಲಿಲ್ಲದ ಮನೆಗಳಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡ ಕುಟುಂಬಗಳಿಗೆ ಈ ಅಳುಕು ಇನ್ನೂ ಹೆಚ್ಚು.

ಕಳವಳ ಸಹಜವಾದುದು. ಆದರೆ ವಿವೇಕ ತಪ್ಪಿದರೆ ಅದೇ ಪ್ರಾಣಹಾನಿಗೆ ಕಾರಣವಾಗುತ್ತದೆ. 2018ರ ಜುಲೈ 13ರಂದು ಬೀದರ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆನ್ನುವ ವಾಟ್ಸಾಪ್ ವದಂತಿ ಹಬ್ಬಿತು. ಮುರ್ಕಿಯ ಬಳಿ ಗುಂಪಿನ ಹೊಡೆತಕ್ಕೆ ಹೈದರಾಬಾದಿನ ತರುಣ ಎಂಜಿನಿಯರರೊಬ್ಬರು ಅಸುನೀಗಿದರು. ಹೊಡೆದ ಕೈಗಳ ಹಿಂದಿದ್ದುದೂ ಅದೇ ಭಯ.

ಅಪರಿಚಿತನ ಕಳವಳಕ್ಕೂ ಕಾನೂನು ದಾರಿ ತೋರಿದೆ. ಮಗು ಕಾಣೆಯಾದ ದೂರು ಬಂದೊಡನೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರ ಮೇ 10ರಂದು ಆದೇಶಿಸಿದೆ. 'ಒಂದು ದಿನ ಕಾದು ಬನ್ನಿ' ಎಂಬ ಮಾತಿಗೆ ಆಧಾರವಿಲ್ಲ. ತಪ್ಪಿಸಿಕೊಂಡ ಮಗುವನ್ನು ಕಂಡು ಆಶ್ರಯವಿತ್ತವರು 24 ಗಂಟೆಗಳೊಳಗೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ 1098 ಸಹಾಯವಾಣಿಗೋ ತಿಳಿಸಲೇಬೇಕೆನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 32ನೆಯ ಕಲಮು.

ಆದುದರಿಂದ ಭಾವಚಿತ್ರ ಬಂದಾಗ ಅದನ್ನು ಹತ್ತು ಗುಂಪುಗಳಿಗೆ ದಾಟಿಸುವ ಮುನ್ನ ಠಾಣೆಯಲ್ಲಿ ವಿಚಾರಿಸುವುದು ಲೇಸು. ಮಗು ಸಿಕ್ಕ ಬಳಿಕ ಚಿತ್ರವನ್ನು ಅಳಿಸುವುದೂ ಕರ್ತವ್ಯವೇ. 1098 ಎಂಬ ನಾಲ್ಕು ಅಂಕಿಗಳು ಮನೆಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠವಾಗಲಿ.